ಕಳೆದ ಸಾಮಾನು: ಕಂಬಳಿ ಒಂದು

ಖಡಕಿಯ ದಫ್ತರದಲ್ಲಿ ಇದು ಮೂರನೆಯ ಸಲ.
ಅದೇ ಬೆಂಚು, ಅದೇ ಸುಣ್ಣದ ಗೋಡೆ,
ಮೊಬೈಲು ಒಳಗೆ ತರಬಾರದೆಂಬ ಫಲಕ.
ಸ್ಯಾಪರ್ ಪಲ್ಟಣದ ಕಡತ ಕಾಯುವ ಥೋಪಟೆ
ನನ್ನ ಚೀಟಿ ನೋಡಿ ತಲೆಯಾಡಿಸುತ್ತಾರೆ:
ಅಮೋಗಸಿದ್ಧ ಮಾಳಪ್ಪ ಎಂಬವನು
ಈ ಪಲ್ಟಣಕ್ಕೆ ಸೇರಿಯೇ ಇಲ್ಲ ತಾಯಿ.

ಸೇರದವನ ಹೆಸರಲ್ಲಿ ಮನಿಯಾರ್ಡರು ಬಂದದ್ದು ಹೇಗೆ,
ಮತ್ತೆ ಒಂದು ತಿಂಗಳು ನಿಂತದ್ದು ಹೇಗೆ?
ಅಜ್ಜಿ ಲಗಮವ್ವ ಇದನ್ನೇ ಕೇಳಲು
ಜತ್ತದಾಚೆಯ ಊರಿಂದ, ಸೊಂಟದಲ್ಲಿ ಮೂರು ವರ್ಷದ ಕೂಸು,
ಮಿರಜಿನಲ್ಲಿ ಗಾಡಿ ಬದಲಿಸಿ ಬಂದು
ಈ ಗೇಟಿನ ಎದುರು ನಿಂತಿದ್ದಳು, ನಲವತ್ತಾರರಲ್ಲಿ.
ಕನ್ನಡ ಬಲ್ಲ ಸಿಪಾಯಿ ನಾಳೆ ಬರುತ್ತಾನೆ ಅಂದರು.
ನಾಳೆಯ ದಾರಿ ಕಾಯುತ್ತ ಮದ್ದಿನ ಕಾರ್ಖಾನೆಯಲ್ಲಿ ಕಸ ಹೊಡೆದಳು,
ಬೋಪೋಡಿಯಲ್ಲಿ ಒಂದು ಖೋಲಿ ಹಿಡಿದಳು,
ಮೂವತ್ತೊಂದು ವರ್ಷ ಕಸ ಹೊಡೆದಳು.
ಹೀಗೆ ನಾವು ಪುಣೆಯವರಾದದ್ದು.

ಮುಳಾ ನದಿ ದಂಡೆಯ ಯುದ್ಧ ಸ್ಮಶಾನದಲ್ಲೂ ಹುಡುಕಿದ್ದೆ,
ಚಪ್ಪಲಿ ಕೈಲಿ ಹಿಡಿದು, ಕತ್ತರಿಸಿದ ಹುಲ್ಲಿನ ಮೇಲೆ
ಕಲ್ಲಿನಿಂದ ಕಲ್ಲಿಗೆ. ಮಾಲಿ ಬಂದು ಕೇಳಿದ:
ಯಾವ ಸಾಹೇಬ ಬೇಕು?

ಥೋಪಟೆಗೆ ಇವತ್ತು ಏನನ್ನಿಸಿತೋ.
ಅಜ್ಜಿಯ ಎಲೆಸಂಚಿಯಲ್ಲಿ ಉಳಿದಿದ್ದ ಮನಿಯಾರ್ಡರಿನ ತುಂಡನ್ನು
ಬೆಳಕಿಗೆ ಹಿಡಿದರು. ನಂಬರಿನ ಕೊನೆಯ ಎರಡಂಕಿ
ಸುಣ್ಣ ತಿಂದಿತ್ತು.
ಹಾಗಾದರೆ ನೂರು ಕಡತ, ಅಂದರು, ಮತ್ತು ಎದ್ದರು.
ಊಟದ ಹೊತ್ತು ಮೀರಿತು. ಫ್ಯಾನು ನಿಂತು ತಿರುಗಿತು.

ಅರವತ್ತೊಂದನೆಯವನು ಅಮಕ್ ಸಿಂಗ್.
ತಂದೆ ಮಾಲ್ಪಾ. ಜತ್ ಸಂಸ್ಥಾನ. ಕಸುಬು ಕೂಲಿ.
ಭಾಷೆ ಮರಾಠಿ (ಒಂದು ಶಬ್ದವೂ ಬರುತ್ತಿರಲಿಲ್ಲವಂತೆ).
ಎದೆ ಮೂವತ್ತಮೂರು ಇಂಚು,
ಉಸಿರು ತುಂಬಿಕೊಂಡರೆ ಮೂವತ್ತೈದು.
ಹೆಂಡತಿ: ಲಕ್ಷ್ಮೀಬಾಯಿ.

ಲಗಮವ್ವಾ, ಗೇಟಿನಲ್ಲಿ ನಿಂತು ನೀನು ಹೇಳಿದ
ಒಂದು ಹೆಸರೂ ಈ ಕಾಗದದ ಒಳಗಿರಲಿಲ್ಲ.
ಹೆಬ್ಬೆರಳಿನ ಗುರುತೊಂದು ಸರಿಯಾಗಿ ಬಿದ್ದಿದೆ.

ಮುಂದೆ ಹಡಗು, ಈಜಿಪ್ಟು, ಇಟಲಿ,
ಹುಳ ಕೊರೆದ ಒಂದು ನದಿಯ ಹೆಸರು,
ಅರ್ಧ ಕಟ್ಟಿದ ಸೇತುವೆ, ಫೆಬ್ರುವರಿ, ಗುಂಡು.
ಅದರ ಹಿಂದಿನ ಹಾಳೆ ಕೆಂಪು ಶಾಯಿಯದು:
ಡಿಸೆಂಬರ್ ಹದಿನೇಳು. ಕಳೆದ ಸಾಮಾನು: ಕಂಬಳಿ ಒಂದು.
ಪಗಾರದಲ್ಲಿ ಮುರಿದದ್ದು ಮೂರು ರೂಪಾಯಿ ಹತ್ತಾಣೆ.
ಏಳು ದಿನ ಹೆಚ್ಚಿನ ಚಾಕರಿ.

“ಇದು ಬೇಡ ಬಿಡಿ,” ಅಂದರು ಥೋಪಟೆ ಮೆಲ್ಲಗೆ,
“ಮನೆಯವರು ಈ ಹಾಳೆ ಬಿಟ್ಟೇ ಝೆರಾಕ್ಸ್ ಮಾಡಿಸುತ್ತಾರೆ.”
ಮೊದಲು ಅದನ್ನೇ ಮಾಡಿಸಿದೆ.

ಅವ್ವ ಖೋಲಿಯ ಬಾಗಿಲಲ್ಲಿ ಶೇಂಗಾ ಸುಲಿಯುತ್ತಿದ್ದಳು.
ಓದಿ ಹೇಳಿದೆ. ಎದೆಯ ಅಳತೆಗೆ ಸುಮ್ಮನಿದ್ದಳು,
ಇಟಲಿಗೆ ಸುಮ್ಮನಿದ್ದಳು, ಗುಂಡಿಗೂ.
ಕಂಬಳಿಗೆ ಕೈ ನಿಂತಿತು.

“ಕಳಕೊಂಡನಂತ?
ಹಾಲುಮತದವ, ಮಗ್ಗದ ಕುಣಿಯಾಗ ಬೆಳದವ,
ಕಂಬಳಿ ಕಳಕೊಳ್ಳತಾನೇನ?
ಹುಟ್ಟಿದ ಕೂಸಿಗೆ ಕಂಬಳಿ, ಮದುವಿ ಗದ್ದಿಗಿಗೆ ಕಂಬಳಿ,
ಹೆಣದ ಮ್ಯಾಲೂ ಕಂಬಳಿ.
ಯಾರಿಗೋ ಹೊಚ್ಚಿರತಾನ.”

ಯಾರಿಗೆ? ಕಡತದಲ್ಲಿ ಅದಕ್ಕೆ ಕಾಲಮ್ಮು ಇಲ್ಲ.
ಜ್ವರ ಹಿಡಿದ ಜೊತೆಗಾರನಿಗೋ,
ಬಾಂಬು ಬಿದ್ದ ಮನೆಯ ಮುದುಕಿಗೋ, ಹೇಸರಗತ್ತೆಗೋ.
ಒಂದು ಬುಡ್ಡಿ ಹೆಂಡಕ್ಕೆ ಮಾರಿಕೊಂಡಿರಲೂಬಹುದು.
ಅವ್ವನ ಎದುರು ಅದನ್ನು ಅನ್ನಲಿಲ್ಲ.

ಹೆಸರು ತಿದ್ದಿಸಲು ಸ್ಟಾಂಪು ಕಾಗದ ಬೇಕಂತೆ,
ಅಮಕ್ ಸಿಂಗನೇ ಅಮೋಗಸಿದ್ಧನೆಂದು ಹೇಳುವ,
ಅವನನ್ನು ಕಣ್ಣಾರೆ ಕಂಡ ಇಬ್ಬರು ಸಾಕ್ಷಿ ಬೇಕಂತೆ.
ಎಂಬತ್ತೆರಡರ ಅವ್ವನೇ ಕಂಡಿಲ್ಲ.

ಅವಳು ಮತ್ತೆ ಮೊರಕ್ಕೆ ಕೈ ಹಾಕಿದಳು.
ಎರಡು ಮುಷ್ಟಿ ಸುಲಿದ ಮೇಲೆ,
“ಎಷ್ಟು ಮುರಕೊಂಡರಂದಿ?”
ಮೂರು ರೂಪಾಯಿ ಹತ್ತಾಣೆ, ಅವ್ವಾ.
ಸಿಪ್ಪೆ ಊದಿದಳು.
“ಮಿಲ್ಲಿನದಿರಬೇಕು.”